ಮುರಳಿ ಆರಿಸಿದ ಬಿಳಿ

ಇಂದು ಬೆಳಿಗ್ಗೆ ನನ್ನ ಹಳೆಯ ಮರೂನ್ ಟೀ ಶರ್ಟಿಗೆ ಇಸ್ತ್ರಿ ತಾಗಿಸಿದೊಡನೆ ಶಾಯಿಯ ವಾಸನೆ ಎದ್ದಿತು. ಎಷ್ಟೋ ಸಲ ಒಗೆದ ಬಟ್ಟೆ. ವಾಸನೆ ಇನ್ನೂ ಉಳಿದಿತ್ತೋ, ಅದು ನನ್ನ ನೆನಪಿನ ಕಿತಾಪತಿಯೋ, ನೀವೇ ಹೇಳಬೇಕು. ಇಂಥ ವಿಷಯದಲ್ಲಿ ನನ್ನನ್ನು ನಾನು ಅಷ್ಟಾಗಿ ನಂಬುವುದಿಲ್ಲ.

ಜಯನಗರದ ಶಟಲ್ ಕೋರ್ಟಿನಲ್ಲಿ ಮುರಳಿ ನನ್ನ ಡಬಲ್ಸ್ ಜೊತೆಗಾರ. ಆಟ ಇಬ್ಬರದ್ದೂ ಸಾಧಾರಣ. ಅದಕ್ಕೇ ಇರಬೇಕು, ಎದೆಯ ಮೇಲೆ ಹೆಸರಾದರೂ ಇರಲಿ ಎನ್ನಿಸಿತು. ಬಿಳೇಕಹಳ್ಳಿಯಲ್ಲಿ ತಮ್ಮ ಮನೆಯ ಹಿಂದಿನ ಶೆಡ್ಡಿನಲ್ಲಿ ಸ್ಕ್ರೀನ್ ಪ್ರಿಂಟಿಂಗ್ ಮಾಡುತ್ತಿದ್ದ ನಂಜುಂಡಪ್ಪನವರ ಬಳಿ ಒಂದೇ ಬಗೆಯ ಎರಡು ಮರೂನ್ ಶರ್ಟು ಹಿಡಿದು ಹೋದೆವು. ಅವರು ಬಟ್ಟೆ ಉಜ್ಜಿ ನೋಡಿ, ಪಾಲಿಯೆಸ್ಟರ್ ಎಂದು ಮುಖ ಸಿಂಡರಿಸಿದರು. ಮಾಮೂಲಿ ಬಿಳಿ ಹಾಕಿದರೆ ಒಣಗಿಸುವ ಕಾವಿಗೆ ಬಟ್ಟೆಯ ಬಣ್ಣವೇ ಎದ್ದು ಶಾಯಿಗೆ ಹತ್ತುತ್ತದಂತೆ. ಇವತ್ತಿನ ಬಿಳಿ ನಾಲ್ಕು ದಿನಕ್ಕೆ ಗುಲಾಬಿ. ಅದನ್ನು ತಡೆಯುವ ಬಿಳಿ ಬೇರೆಯೇ ಇದೆ. ಆದರೆ ಬಿಸಿ ಆರುವ ಮೊದಲು ಒಂದರ ಮೇಲೊಂದು ಶರ್ಟು ಇಟ್ಟರೆ, ಆ ಶಾಯಿ ಮೇಲಿನ ಶರ್ಟಿನ ಬಣ್ಣ ತಿಂದು ಅಲ್ಲಿ ತನ್ನ ಅಚ್ಚಿನ ಗುರುತು ಬಿಡುತ್ತದೆ.

"ಅದನ್ನೇ ಹಾಕಿ ಅಣ್ಣ," ಎಂದ ಮುರಳಿ. "ನನ್ನ ಹೆಸರು ಗುಲಾಬಿ ಆದ್ರೆ ಇವನು ಬಿಡ್ತಾನಾ? ಜನ್ಮಪೂರ್ತಿ ಆಡ್ಕೋತಾನೆ."

ಆರಲು ಬಿಡುವ ತಾಳ್ಮೆ ಮಾತ್ರ ಅವನಿಗಿರಲಿಲ್ಲ. ಮಳೆ ಬರುವಂತಿದೆ ಎಂದು ತನ್ನ ಶರ್ಟಿನ ಮೇಲೆ ನನ್ನದನ್ನಿಟ್ಟು, ಸುತ್ತಿ, ಸ್ಕೂಟರಿನ ಡಿಕ್ಕಿಗೆ ತುರುಕಿದ. ಹಾಗೆಂದು ನನ್ನ ನೆನಪು.

ಕಳೆದ ವರ್ಷ ಅದೇ ಶರ್ಟು ತೊಟ್ಟು ಕೋರ್ಟಿನಲ್ಲೇ ಕುಸಿದ. ಆಸ್ಪತ್ರೆಯಲ್ಲಿ ಅದನ್ನು ಕತ್ತರಿಸಿ ತೆಗೆದರು. ಮತ್ತೆ ಸಿಗಲಿಲ್ಲ, ಅವನೂ ಉಳಿಯಲಿಲ್ಲ. ಅವನ ಹೆಂಡತಿ ಸುಧಾ ಉಳಿದ ಬಟ್ಟೆಗಳನ್ನೆಲ್ಲ ಯಾರ್ಯಾರಿಗೋ ಕೊಟ್ಟರು. ಅದೊಂದನ್ನು ಮಾತ್ರ ಈಗಲೂ ಕೇಳುತ್ತಾರೆ.

ಅವನು ಹೋದ ಮೇಲೆ ಒಂದು ದಿನ ನನ್ನ ಶರ್ಟಿನ ಬೆನ್ನಲ್ಲಿ ಮಾಸಲು ಕಲೆ ಕಂಡಿತು. ಮೊದಲೇ ಇತ್ತೋ, ಗೊತ್ತಿಲ್ಲ. ನೇರ ನೋಡಿದರೆ ಬರೀ ಸುರುಳಿಗಳು. ಅದನ್ನು ತೊಟ್ಟು, ಬೀರುವಿನ ಕನ್ನಡಿಗೆ ಬೆನ್ನು ಹಾಕಿ, ಹೆಗಲ ಮೇಲಿಂದ ಹೊರಳಿ ನೋಡಿದೆ. ಮುರಳಿ ಎಂದಿತ್ತು. ಮಗುಚಿ ಬಿದ್ದ ಅಚ್ಚು ಕನ್ನಡಿಯಲ್ಲಿ ನೆಟ್ಟಗಾಗುತ್ತದೆ, ಅಷ್ಟೇ ಎಂದು ಹೇಳಿಕೊಂಡೆ. ಆದರೂ ಮತ್ತೆ ತೊಡಲಿಲ್ಲ. ಅವನದೇನಾದರೂ ಉಳಿದಿರಲಿ ಎಂಬ ಆಸೆಯೇ ಅಕ್ಷರವಾಗಿ ಕಂಡಿದ್ದರೆ? ಇಲ್ಲದ ಗುರುತನ್ನು ಸುಧಾ ಅವರ ಕೈಗಿಡುವ ಧೈರ್ಯ ಬರಲಿಲ್ಲ.

ಇಂದು ಇಟ್ಟೆ. ನಮ್ಮ ಜೋಡಿ ಶರ್ಟು, ನಿಮ್ಮಲ್ಲಿರಲಿ ಎಂದಷ್ಟೇ ಹೇಳಿದೆ. ಅವರು ಎದೆಯ ಮೇಲಿನ ನನ್ನ ಹೆಸರನ್ನು ಸವರಿದರು. ತಿರುಗಿಸಿ, "ಇಲ್ಲೇನೋ ಕಲೆ ಆಗಿದೆಯಲ್ಲ," ಎಂದರು. ಎಲ್ಲ ನನ್ನ ಭ್ರಮೆ ಎಂದುಕೊಂಡೆ. ನಿಜ ಹೇಳಬೇಕೆಂದರೆ ಮನಸ್ಸು ಹಗುರವೂ ಆಯಿತು. ಕಲೆ ಎಷ್ಟು ಆಳಕ್ಕೆ ಇಳಿದಿದೆ ಎಂದು ನೋಡಲು ಅವರು ಶರ್ಟಿನ ಒಳಮೈ ಹೊರಗೆ ಮಾಡಿ ಕಿಟಕಿಯ ಬಿಸಿಲಿಗೆ ಹಿಡಿದರು. ಬೆರಳು ಎಡದಿಂದ ಬಲಕ್ಕೆ ಮೆಲ್ಲಗೆ ಸರಿಯಿತು. ಕೊನೆಯ ಅಕ್ಷರದಲ್ಲಿ ನಿಂತಿತು.

ನನ್ನ ಕಡೆ ತಿರುಗದೆಯೇ ಕೇಳಿದರು. "ಇದನ್ನ ಹಾಕ್ಕೊಂಡಿರುವಾಗ ಬೆನ್ನಿಗೆ ಏನೂ ಗೊತ್ತಾಗ್ತಿರ್ಲಿಲ್ವಾ?"

ಇಲ್ಲ ಎಂದೆ. ಈಗ ಮನೆಯಲ್ಲಿ ಬೇರೆ ಅಂಗಿ ತೊಟ್ಟು ಇದನ್ನು ಬರೆಯುತ್ತಿದ್ದೇನೆ. ಬೆನ್ನಿನ ಮೇಲೆ, ಸರಿಯಾಗಿ ಆ ಹೆಸರಿನಷ್ಟಗಲ, ಬಿಸಿ ಇನ್ನೂ ಆರಿಲ್ಲ.