ಮೂರು ಬಸ್ಸಿನಾಚೆಯ ಕಾಲೇಜು

ಕಳೆದ ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ ಸಿರುಗುಪ್ಪದ ನಿವೃತ್ತ ಬಸ್ ಕಂಡಕ್ಟರ್ ಎರ್ರಿಸ್ವಾಮಿ ಬಳ್ಳಾರಿ ಬ್ರೂಸ್‌ಪೇಟೆಯ ನಮ್ಮ ಪತ್ರಿಕಾ ಕಚೇರಿಯ ಮೆಟ್ಟಿಲು ಹತ್ತಿ ಬಂದು, ನನ್ನ ಮೇಜಿನ ಮೇಲೆ ನಾಲ್ಕಾಗಿ ಮಡಚಿದ ಒಂದು ಹಾಳೆ ಇಟ್ಟರು. ನಾನು ಬಿಡಿಸುವ ಮೊದಲೇ ಎಚ್ಚರಿಸಿದರು: "ಸಾರ್, ಕೆಂಪು ಪೆನ್ನು ಮುಟ್ಟಬ್ಯಾಡ್ರಿ. ಬರೀ ಓದ್ರಿ."

ಈ ಎಚ್ಚರಿಕೆಗೆ ಏಳೆಂಟು ವರ್ಷಗಳ ಹಿನ್ನೆಲೆಯಿದೆ. ಹಾಳೆಯನ್ನು ಆಮೇಲೆ ಬಿಡಿಸೋಣ. ಮೊದಲು ನೀವು ನನ್ನೊಂದಿಗೆ ಸಿರುಗುಪ್ಪದ ಬಸ್ ಹತ್ತಬೇಕು.

ಆಗ ನಾನು ಸಿರುಗುಪ್ಪದಲ್ಲಿ ಮನೆ ಮಾಡಿಕೊಂಡು ಬಳ್ಳಾರಿಗೆ ದಿನಾ ಓಡಾಡುತ್ತಿದ್ದೆ. ಬೆಳಿಗ್ಗೆ ಎಂಟರ ಬಸ್ಸಿಗೆ ಎರ್ರಿಸ್ವಾಮಿಯವರೇ ಕಂಡಕ್ಟರು. ಬಾಗಿಲ ಹಿಂದಿನ ಸೀಟನ್ನು ನನಗಾಗಿ ಟವೆಲ್ ಹಾಕಿ ಇಡುತ್ತಿದ್ದರು. ಅವರು ಲೋಕವನ್ನೆಲ್ಲ ಬಸ್ಸಿನ ಲೆಕ್ಕದಲ್ಲಿ ಅಳೆಯುವ ಮನುಷ್ಯ. ಒಂದೇ ಬಸ್ಸಿನಲ್ಲಿ ಮುಟ್ಟುವ ಊರು ಒಳ್ಳೆಯದು, ಬಸ್ ಬದಲಿಸಬೇಕಾದ ಊರು ಅನುಮಾನದ್ದು. ತಮ್ಮ ಮದುವೆಯನ್ನೂ ಹಾಗೆಯೇ ವಿವರಿಸುತ್ತಿದ್ದರು: "ನಮ್ಮಾಕಿ ತವರುಮನಿ ಕುರುಗೋಡು, ಸಾರ್. ಒಂದ ಬಸ್ಸು. ಜಗಳ ಆದ್ರ ಮುಂಜಾನಿ ಒಂಬತ್ತಕ್ಕ ಹೋಗಿ ಸಂಜಿ ಐದಕ್ಕ ವಾಪಸ್ ಬರ್ತಾಳ. ಎರಡು ಬಸ್ ಆಗಿದ್ರ ಅಲ್ಲೇ ಉಳೀತಿದ್ಲು."

ಅವರ ಒಬ್ಬಳೇ ಮಗಳು ರೇಣುಕಾ. ಆ ವರ್ಷ ವೈದ್ಯಕೀಯ ಪ್ರವೇಶ ಪರೀಕ್ಷೆ ಬರೆದಿದ್ದಳು. ಬಂದದ್ದು ಬಹಳ ಪೀಡಿಸುವ ರ‍್ಯಾಂಕು. ಸರ್ಕಾರಿ ಕಾಲೇಜು ಸಿಕ್ಕರೂ ಸಿಗಬಹುದು, ಸಿಗದೆಯೂ ಇರಬಹುದು. ಆ ಮನೆಯ ಸಂಬಳಕ್ಕೆ ಸರ್ಕಾರಿ ಕಾಲೇಜಿನ ಫೀಸು ಮಾತ್ರ ನಿಲುಕುತ್ತಿತ್ತು. ಅದು ತಪ್ಪಿದರೆ ಹುಡುಗಿ ಡಾಕ್ಟರಾಗುವುದೂ ತಪ್ಪುತ್ತಿತ್ತು.

ಸೀಟು ಬೇಕಾದವರು ತಮಗೆ ಬೇಕಾದ ಕಾಲೇಜುಗಳನ್ನು ಒಂದು, ಎರಡು, ಮೂರು ಎಂದು ಆನ್‌ಲೈನಿನಲ್ಲಿ ತುಂಬಬೇಕು. ಜನ ಇದನ್ನು ಆಪ್ಷನ್ ಎಂಟ್ರಿ ಎನ್ನುತ್ತಾರೆ. ಪಟ್ಟಿಯಲ್ಲಿ ಮೇಲಿರುವ ಕಾಲೇಜು ಸಿಕ್ಕಿಬಿಟ್ಟರೆ ಕೆಳಗಿನವುಗಳ ಕಡೆಗೆ ಕಂಪ್ಯೂಟರು ನೋಡುವುದೇ ಇಲ್ಲ. ಆದ್ದರಿಂದ ಕ್ರಮವೇ ಮುಖ್ಯ. ಇದನ್ನು ನಾನು ಬಲ್ಲೆ. ಅದೇ ವಾರ ಮೂರನೇ ಪುಟದಲ್ಲಿ, ಚೌಕಟ್ಟು ಹಾಕಿ, 'ಆಯ್ಕೆಯ ಕ್ರಮ: ಪೋಷಕರೇ ಎಚ್ಚರ' ಎಂದು ಬರೆದವನೂ ನಾನೇ.

ಅದು ಅಚ್ಚಾದ ಮರುದಿನ ಬಸ್ಸಿನಲ್ಲಿ ಎರ್ರಿಸ್ವಾಮಿ ನನ್ನ ಕೈಗೆ ಒಂದು ವೇಬಿಲ್ ಕೊಟ್ಟರು. ಯಾವ ನಿಲ್ದಾಣದಲ್ಲಿ ಎಷ್ಟು ಟಿಕೆಟ್ ಹೋಯಿತೆಂದು ಕಂಡಕ್ಟರುಗಳು ಬರೆದಿಡುವ ಹಾಳೆ ಅದು. ಟಿಕೆಟ್ ಮಷೀನು ಬಂದ ಮೇಲೆ ಮನೆಯಲ್ಲಿ ಉಳಿದವುಗಳನ್ನು ಅವರು ಕಿರಾಣಿ ಚೀಟಿಗೆ ಬಳಸುತ್ತಿದ್ದರು. ಅದರ ಹಿಂಬದಿಯಲ್ಲಿ ಕಾಲೇಜುಗಳಿದ್ದವು. ಪಕ್ಕದಲ್ಲಿ ರೇಣುಕಾ ಕಂಬ ಹಿಡಿದು ನಿಂತಿದ್ದಳು.

"ಅಪ್ಪಾ, ಬೀದರ್ ಸರ್ಕಾರಿ ಕಾಲೇಜು ತೀರಾ ಕೆಳಗೈತಿ" ಎಂದಳು.

"ಕೊನೀ ಸ್ಟಾಪು ಕೆಳಗ ಇರಬೇಕವ್ವಾ. ಬೀದರಿಗೆ ಮೂರು ಬಸ್ಸು. ರಾಯಚೂರಿನಾಗ ಒಂದು ಇಳಿ, ಕಲಬುರಗಿಯಾಗ ಒಂದು ಇಳಿ."

"ಸಾರ್, ನೀವು ಹೇಳ್ರಿ. ಆರ್ಡರ್ ಸರಿ ಐತೇನ್ರಿ?" ಎಂದು ರೇಣುಕಾ ನನ್ನನ್ನು ಕೇಳಿದಳು.

ನಾನು ಹೇಳಬೇಕಿತ್ತು. ಆದರೆ ಇಪ್ಪತ್ತು ವರ್ಷ ಸುದ್ದಿಮನೆಯಲ್ಲಿ ಕುಳಿತವನ ಕೈಗೆ ಬರೆದ ಹಾಳೆ ಸಿಕ್ಕರೆ ಕಣ್ಣು ಮೊದಲು ಅಕ್ಷರಕ್ಕೆ ಬೀಳುತ್ತದೆ. ಜೇಬಿನಿಂದ ಕೆಂಪು ಪೆನ್ನು ತೆಗೆದೆ. ಎರಡು ಊರುಗಳ ಒತ್ತಕ್ಷರ ಸರಿಪಡಿಸಿದೆ, ಬಿಟ್ಟುಹೋದ ಒಂದು ಅಲ್ಪವಿರಾಮ ಹಾಕಿದೆ. ಕೊನೆಗೆ ಅಚ್ಚಿಗೆ ಕಳಿಸುವ ಪುಟಕ್ಕೆ ಹಾಕುವಂಥ ದೊಡ್ಡದೊಂದು ಟಿಕ್ ಎಳೆದು, "ಎಲ್ಲಾ ಸರಿ ಐತಿ" ಎಂದೆ. ಹುಡುಗಿ ನನ್ನ ಮುಖವನ್ನು ಒಂದು ಕ್ಷಣ ನೋಡಿ ಕಿಟಕಿಯ ಕಡೆ ತಿರುಗಿದಳು. ಗಾಳಿಗೆಂದು ತಿರುಗಿದಳೆಂದು ನಾನು ಭಾವಿಸಿದೆ.

ಆಪ್ಷನ್ ಎಂಟ್ರಿ ನಡೆದದ್ದು ಕುರುಗೋಡಿನಲ್ಲಿ. ಎರ್ರಿಸ್ವಾಮಿಯವರ ಹೆಂಡತಿಯ ತಮ್ಮ ಗಾದಿಲಿಂಗಪ್ಪ ಅಲ್ಲಿ ಆನ್‌ಲೈನ್ ಸೆಂಟರ್ ಇಟ್ಟಿದ್ದಾರೆ. ರೇಣುಕಾ ಅವರ ಮುಂದೆಯೂ ಬೀದರಿನ ಮಾತೆತ್ತಿದಳಂತೆ. ಅವರು ವೇಬಿಲ್ಲನ್ನು ಬೆಳಕಿಗೆ ಹಿಡಿದು ನೋಡಿ, "ಪೇಪರಿನವ್ರು ಟಿಕ್ ಹಾಕ್ಯಾರ. ಇನ್ನ ನಾವ್ಯಾರು ಬಿಡು" ಎಂದು ಇದ್ದದ್ದನ್ನು ಇದ್ದಂತೆ ತುಂಬಿದರಂತೆ.

ನಿಜವಾದ ಹಂಚಿಕೆಗೆ ಮೊದಲು ಅಣಕು ಹಂಚಿಕೆ ಎಂದೊಂದು ಇರುತ್ತದೆ. ಈ ಪಟ್ಟಿಯಲ್ಲೇ ಮುಂದುವರಿದರೆ ನಿಮಗೆ ಸಿಗುವುದು ಇದು ಎಂದು ತೋರಿಸಿ, ತಿದ್ದಲು ಸ್ವಲ್ಪ ಸಮಯ ಕೊಡುತ್ತಾರೆ. ತಿದ್ದುವ ಕೊನೆಯ ದಿನ ಮಧ್ಯಾಹ್ನ ಅಪ್ಪ, ಮಗಳು ನಮ್ಮ ಕಚೇರಿಗೆ ಬಂದರು. ಎರ್ರಿಸ್ವಾಮಿಯವರ ಚರ್ಮದ ಚೀಲ ಇನ್ನೂ ಹೆಗಲಲ್ಲೇ ಇತ್ತು. ಅವರ ಬಸ್ಸು ಸ್ಟ್ಯಾಂಡಿನಲ್ಲಿತ್ತು. ರೇಣುಕಾಳಿಗೆ ಒಂದು ಖಾಸಗಿ ಕಾಲೇಜು ಬಂದಿತ್ತು. ಸಿರುಗುಪ್ಪದಿಂದ ನೇರ ಬಸ್ಸು ಅದರ ಗೇಟಿನ ಮುಂದೆಯೇ ನಿಲ್ಲುತ್ತದೆ. ಆ ಗುಣವೊಂದಕ್ಕೇ ಅವರು ಅದನ್ನು ಮೇಲೆ ಬರೆದಿದ್ದರು. ಸರ್ಕಾರವೇ ಹಂಚುವ ಸೀಟೆಂದ ಮೇಲೆ ಎಲ್ಲ ಕಡೆ ಒಂದೇ ಫೀಸು ಎಂಬುದು ಅವರ ನಂಬಿಕೆ.

ನಾನು ಆ ಕಾಲೇಜಿನ ಫೀಸು ಹುಡುಕಿ ತೋರಿಸಿದೆ. ಅವರು ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು ನೋಡಿದರು.

"ಸಾರ್, ಇದು ಟಿಕೆಟ್ಟಿನ ರೇಟಲ್ಲ. ಇಡೀ ಬಸ್ಸಿನ ರೇಟು."

ಬೀದರನ್ನು ಮೇಲಕ್ಕೆ ತಂದರೆ ಸಿಗುವ ಸಾಧ್ಯತೆಯಿದೆ ಎಂದು ಹೇಳಿದೆ. ಈ ಮಾತನ್ನು ಹತ್ತು ದಿನ ಮೊದಲೇ ಹೇಳಬಹುದಿತ್ತಲ್ಲ ಎಂದು ಇಬ್ಬರೂ ಕೇಳಲಿಲ್ಲ. ಎರ್ರಿಸ್ವಾಮಿ ವೇಬಿಲ್ಲನ್ನು ಮೇಜಿನ ಮೇಲೆ ಹರಡಿ ಹೇಳಿದರು: "ಮೂವತ್ತು ವರ್ಷ ನೋಡೀನ್ರಿ. ಬಸ್ ಬದಲಿ ಮಾಡೋ ಸ್ಟ್ಯಾಂಡಿನಾಗ ಹೆಣ್ಣುಮಕ್ಕಳು ಚೀಲ ಇಟಗೊಂಡು ಕುಂತಿರ್ತಾವು. ಮುಂದಿನ ಬಸ್ಸು ಬರಂಗಿಲ್ಲ. ನನ್ನ ಬಸ್ಸು ಹೊಳ್ಳಿ ಬರತೈತಿ, ಇನ್ನೂ ಅಲ್ಲೇ ಕುಂತಿರ್ತಾವು."

"ಅಪ್ಪಾ" ಎಂದಳು ರೇಣುಕಾ, "ನಾ ಕಂಡಕ್ಟರ್ ಮಗಳದೀನಿ. ಬೋರ್ಡ್ ಓದಾಕ ಬರತೈತಿ."

ಎರ್ರಿಸ್ವಾಮಿ ವೇಬಿಲ್ಲನ್ನು ನನ್ನ ಕಡೆ ತಳ್ಳಿ, "ಹೊಡೀರಿ ಸಾರ್ ಕೆಂಪು" ಎಂದರು. ನಾನು ಖಾಸಗಿ ಕಾಲೇಜನ್ನು ಹೊಡೆದುಹಾಕಿ, ಬೀದರಿನಿಂದ ಮೇಲಕ್ಕೆ ಬಾಣ ಎಳೆದೆ. ರೇಣುಕಾ ಆ ಹಾಳೆ ಹಿಡಿದು ಕುರುಗೋಡಿನ ಬಸ್ ಹತ್ತಿದಳು. ಎರ್ರಿಸ್ವಾಮಿ ಡ್ಯೂಟಿಗೆ ಹೋದರು. ಸಂಜೆ ಏಳರವರೆಗೆ ಸಮಯವಿತ್ತು. ನಾವು ಮೂವರೂ ಒಂದು ವಿಷಯ ಮರೆತಿದ್ದೆವು. ಪಟ್ಟಿ ತಿದ್ದಬೇಕಾದರೆ ಒಟಿಪಿ ಬೇಕು. ಅದು ಬರುವುದು ಅಪ್ಪನ ಫೋನಿಗೆ.

ಆ ಸಂಜೆ ನಾನು ಅವರದೇ ಬಸ್ಸಿನಲ್ಲಿ ಸಿರುಗುಪ್ಪಕ್ಕೆ ಮರಳುತ್ತಿದ್ದೆ. ಆರು ಗಂಟೆಗೆ ಕುರುಗೋಡಿನಿಂದ ಗಾದಿಲಿಂಗಪ್ಪನ ಫೋನು ಬಂತು. ಎರ್ರಿಸ್ವಾಮಿ ಆರು ಅಂಕಿಗಳನ್ನು ಕೂಗಿ ಹೇಳಿದರು. ಎಂಜಿನ್ ಸದ್ದಿಗೆ ಆ ಕಡೆ ಕೇಳಿದ್ದು ನಾಲ್ಕು. ಎರಡನೇ ಒಟಿಪಿ ಬಂದಾಗ ಸಿಗ್ನಲ್ ಹೋಯಿತು. ಅಷ್ಟರಲ್ಲಿ ಸುದ್ದಿ ಹಿಂದಿನ ಸೀಟಿನವರೆಗೂ ಮುಟ್ಟಿತ್ತು. ಅಕ್ಕಿ ಗಿರಣಿಯಲ್ಲಿ ಕೆಲಸ ಮಾಡುವ ಹೆಂಗಸೊಬ್ಬರು ಡ್ರೈವರನಿಗೆ ಹೇಳಿದರು: "ಗಾಡಿ ನಿಂದ್ರಸಪ್ಪಾ. ಹುಡುಗಿ ಡಾಕ್ಟರಾಗ್ಲಿ, ಆಮ್ಯಾಲೆ ಹೋಗಾಣ."

ತೆಕ್ಕಲಕೋಟೆ ಸ್ಟ್ಯಾಂಡಿನಲ್ಲಿ ಡ್ರೈವರು ಎಂಜಿನ್ ಆಫ್ ಮಾಡಿದ. ಐವತ್ತು ಜನ ಫೋನಿನತ್ತ ಬಾಗಿ ಕುಳಿತರು. ಮೂರನೇ ಒಟಿಪಿ ಬಂತು. ಎರ್ರಿಸ್ವಾಮಿ ಊರುಗಳ ಹೆಸರು ಕೂಗುವಂತೆ ಒಂದೊಂದೇ ಅಂಕಿ ಕೂಗಿದರು. ಪ್ರತಿ ಅಂಕಿಯನ್ನೂ ಮುಂದಿನ ನಾಲ್ಕು ಸೀಟಿನವರು ಅವರ ಹಿಂದೆಯೇ ಕೂಗಿದರು. ಗುಟ್ಟಾಗಿ ಇಡಬೇಕಾದ ಸಂಖ್ಯೆ ಅದೆಂದು ನನಗೆ ನೆನಪಾದದ್ದು ಕೂಗಿ ಮುಗಿದ ಮೇಲೆ. ಕೂಗಿದವರಲ್ಲಿ ನಾನೂ ಒಬ್ಬ. ಆ ಕಡೆಯಿಂದ ಗಾದಿಲಿಂಗಪ್ಪ, "ಆತು ಬಾವಾ, ಬೀದರ್ ಮ್ಯಾಲೆ ಹೋತು" ಎಂದರು. ಎರ್ರಿಸ್ವಾಮಿ ಸೀಟಿ ಊದಿದರು.

ಬೀದರಿನ ಸರ್ಕಾರಿ ಕಾಲೇಜೇ ಸಿಕ್ಕಿತು. ರೇಣುಕಾಳನ್ನು ಸೇರಿಸಲು ಹೋದ ಅಪ್ಪ ಮೂರೂ ಬಸ್ಸುಗಳ ನಂಬರನ್ನು ಅಂಗೈ ಮೇಲೆ ಬರೆದುಕೊಂಡು ಹಿಂದಿರುಗಿದರು. ಅವಳು ಎಂಬಿಬಿಎಸ್ ಮುಗಿಸಿ, ಒಂದು ವರ್ಷ ಸರ್ಕಾರಿ ಆಸ್ಪತ್ರೆಯಲ್ಲಿ ಕೆಲಸ ಮಾಡಿ, ಈಗ ಮಕ್ಕಳ ವೈದ್ಯೆಯಾಗಲು ಸ್ನಾತಕೋತ್ತರ ಪರೀಕ್ಷೆ ಬರೆದಿದ್ದಾಳೆ. ಸೋಮವಾರ ನನ್ನ ಮೇಜಿನ ಮೇಲೆ ಬಂದಿದ್ದ ಹಾಳೆ ಅವಳ ಹೊಸ ಪಟ್ಟಿ.

ಕೆಂಪು ಪೆನ್ನನ್ನು ಖಾನೆಯೊಳಗೆ ಹಾಕಿ ಹಾಳೆ ಬಿಡಿಸಿದೆ. ಕೆಳಗಿನಿಂದ ಮೇಲಕ್ಕೆ ಓದಿದೆ. ಪ್ರತಿ ಕಾಲೇಜಿನ ಫೀಸನ್ನೂ ಎರಡು ಸಲ ಪರಿಶೀಲಿಸಿದೆ. ಒಂದು ಊರಿನ ಹೆಸರಿನಲ್ಲಿ ಅಕ್ಷರ ತಪ್ಪಿತ್ತು, ಬಿಟ್ಟುಬಿಟ್ಟೆ. ಬಳ್ಳಾರಿ ಎರಡನೆಯದಾಗಿತ್ತು. ಮೊದಲನೆಯದು ಬೀದರ್.

"ಮೂರು ಬಸ್ಸು" ಎಂದೆ.

"ಆಕೀಗೆ ಅಲ್ಲೇ ಕಲೀಬೇಕಂತ್ರಿ" ಎಂದರು ಎರ್ರಿಸ್ವಾಮಿ. ಹಾಳೆಯನ್ನು ಮತ್ತೆ ನಾಲ್ಕಾಗಿ ಮಡಚಿ ಜೇಬಿಗಿಟ್ಟುಕೊಂಡರು. "ಕಲಬುರಗಿ ಸ್ಟ್ಯಾಂಡಿನಾಗ ಚಾ ಛಲೋ ಮಾಡ್ತಾರ, ಸಾರ್."

ಅಂದು ಸಂಜೆ ಐದೂವರೆಗೆ ಕುರುಗೋಡಿನಿಂದ ಗಾದಿಲಿಂಗಪ್ಪ ಫೋನ್ ಮಾಡಿ, ಪಟ್ಟಿ ಬರೆದ ಕ್ರಮದಲ್ಲೇ ದಾಖಲಾಯಿತೆಂದು ತಿಳಿಸಿದರು. ಒಟಿಪಿ ಮೊದಲ ಸಲಕ್ಕೇ ಬಂತು. ಈ ಬಾರಿ ಅದು ಬಂದದ್ದು ರೇಣುಕಾಳ ಫೋನಿಗೆ.