ಅರ್ಧ ಆಟದಲ್ಲಿ ಹೊರಗೆ ಕರೆದ ಕೋಚ್

ಕಳೆದ ವಾರ ಅಮ್ಮನನ್ನು ಸಂಜಯನಗರದ ಫಿಸಿಯೋಥೆರಪಿ ಕ್ಲಿನಿಕ್ಕಿಗೆ ಕರೆದುಕೊಂಡು ಹೋಗಿದ್ದೆ. ಬಾಗಿಲು ತೆರೆದ ಕೂಡಲೇ ನೋವಿನ ಮುಲಾಮಿನ ಘಾಟು ಮೂಗಿಗೆ ಬಡಿಯಿತು. ಅಮ್ಮ ಒಳಗೆ ಹೋದಳು. ನನಗೆ ಕೂರಲಾಗಲಿಲ್ಲ. ಹೊರಗೆ ಬಂದೆ, ಒಳಗೆ ಹೋದೆ, ಮತ್ತೆ ಹೊರಗೆ ಬಂದೆ. ಕಾಲೇಜಿನಲ್ಲಿ ನಮ್ಮ ಫುಟ್‌ಬಾಲ್ ಕೋಚ್ ಬರುವುದಕ್ಕೆ ಮುಂಚೆಯೇ ಇದೇ ವಾಸನೆ ಬರುತ್ತಿತ್ತು...

ಯಲಹಂಕದ ನಮ್ಮ ಕಾಲೇಜಿನಲ್ಲಿ ಹುಡುಗಿಯರ ತಂಡ ಕಟ್ಟಿದವರೇ ಅವರು. ಬಲಗಾಲು ಕುಂಟುತ್ತಿತ್ತು. ಮಂಡಿಗೆ ಮುಲಾಮು ಹಚ್ಚಿ, ಪಟ್ಟಿ ಬಿಗಿದು ಮೈದಾನಕ್ಕೆ ಬರುತ್ತಿದ್ದರು. ಮ್ಯಾಚ್ ನಡೆಯುವಾಗ ಒಂದು ನಿಮಿಷ ನಿಂತವರಲ್ಲ. ಗೆರೆಯ ಪಕ್ಕ ಈ ತುದಿಯಿಂದ ಆ ತುದಿಗೆ ಓಡಾಟ.

"ಕೂತ್ಕೊಳ್ಳಿ ಸರ್" ಅಂದರೆ, "ಕೂತ್ರೆ ಆಟ ನನ್ ಬಿಟ್ಟು ಓಡೋಗುತ್ತೆ ಕಣಮ್ಮ" ಅನ್ನುತ್ತಿದ್ದರು.

ಅವರ ಆಟವನ್ನು ನಾವು ನೋಡಿರಲಿಲ್ಲ. ಮೈದಾನಕ್ಕೆ ಸುಣ್ಣದ ಗೆರೆ ಎಳೆಯುತ್ತಿದ್ದ ಅಜ್ಜ ನೋಡಿದ್ದರು. ಕೋಚ್ ಇದೇ ಕಾಲೇಜಿನ ವಿದ್ಯಾರ್ಥಿ. ಕೊಡಿಗೇಹಳ್ಳಿಯಿಂದ ಸೈಕಲ್ ತುಳಿದುಕೊಂಡು ಬಂದು, ಮೈದಾನದ ನಡುವೆ ನಿಂತು ಇಡೀ ತಂಡವನ್ನು ಆಡಿಸುತ್ತಿದ್ದರಂತೆ. "ಚೆಂಡು ಎಲ್ಲಿಗ್ ಓಗ್ತದೆ ಅಂತ ಚೆಂಡಿಗಿಂತ ಮುಂಚೆ ಇವ್ರಿಗೇ ಗೊತ್ತಾಗ್ತಿತ್ತು" ಅಂದಿದ್ದರು ಅಜ್ಜ. ಒಂದು ಕಾರ್ಖಾನೆಯ ತಂಡ ಕೆಲಸ ಕೊಟ್ಟು ಸೇರಿಸಿಕೊಳ್ಳಲು ತಯಾರಾಗಿತ್ತು. ಅಷ್ಟರಲ್ಲಿ ಕಾಲೇಜಿನ ಫೈನಲ್. ಮಂಡಿ ಆಗಲೇ ಊದಿಕೊಂಡಿತ್ತು. ಆಗಿನ ಕೋಚ್ ಇಂಜೆಕ್ಷನ್ ಕೊಡಿಸಿ, "ಒಂದೇ ಮ್ಯಾಚ್" ಎಂದು ಇಳಿಸಿದರು. ಕಪ್ ಬಂತು, ಮಂಡಿ ಹೋಯಿತು. ಕಾರ್ಖಾನೆಯವರು ಸ್ವಲ್ಪ ದಿನ ಕಾದು ಬೇರೆಯವರನ್ನು ತೆಗೆದುಕೊಂಡರು. ಇವರು ಅದೇ ಕಾಲೇಜಿನಲ್ಲಿ ಸಹಾಯಕರಾಗಿ ಸೇರಿ, ಕೋಚ್ ಆಗಿ, ಅಲ್ಲೇ ಉಳಿದರು.

ಇದೆಲ್ಲ ನನಗೆ ಗೊತ್ತಿತ್ತು. ಗೊತ್ತಿದ್ದೇ ಆ ಮಾತು ಆಡಿದೆ.

ಕೊನೆಯ ವರ್ಷದ ಸೆಮಿಫೈನಲ್. ರಾಜ್ಯ ತಂಡಕ್ಕೆ ಆರಿಸುವವರು ಬಂದು ಕೂತಿದ್ದರು. ಮೊದಲ ಅರ್ಧದಲ್ಲೇ ನನ್ನ ಪಾದ ಉಳುಕಿತು. ಯಾರಿಗೂ ಹೇಳದೆ ಶೂ ಲೇಸು ಬಿಗಿದುಕೊಂಡೆ. ವಿರಾಮದಲ್ಲಿ ಅವರು ಎದುರಿಗೆ ಕೂತು ಹೆಬ್ಬೆರಳಿನಿಂದ ಒತ್ತಿದರು. ಚೀರಿಬಿಟ್ಟೆ.

"ಸಾಕು, ಹೊರಗೆ ಬಾ."

"ಒಂದೇ ಮ್ಯಾಚ್ ಸರ್, ಪ್ಲೀಸ್."

"ನಂಗೂ ಹಿಂಗೇ ಅಂದಿದ್ರು ಕಣಮ್ಮ."

"ನಿಮ್ ಮಂಡಿ ಹೋಯ್ತು ಅಂತ ನನ್ ಕಾಲ್ ಯಾಕ್ ಕಟ್ಟಾಕ್ತೀರಾ?"

ಅವರು ಮೆಲ್ಲಗೆ ಎದ್ದು ನನ್ನ ಬದಲಿಗೆ ಇನ್ನೊಬ್ಬಳನ್ನು ಇಳಿಸಿದರು. ಆಮೇಲೆ ಆಟ ಮುಗಿಯುವವರೆಗೂ ನಾನು ಕೂತಿದ್ದ ಕಡೆಗೆ ಒಮ್ಮೆಯೂ ನಡೆದು ಬರಲಿಲ್ಲ.

ಒಂದು ಗೋಲಿನಿಂದ ಸೋತೆವು. ಆಯ್ಕೆಯ ಪಟ್ಟಿಯಲ್ಲಿ ನನ್ನ ಹೆಸರು ಇರಲಿಲ್ಲ. ಡಾಕ್ಟರು ಬರೀ ಉಳುಕು ಅಂದರು. ಹತ್ತು ದಿನದಲ್ಲಿ ಓಡಾಡಿಕೊಂಡಿದ್ದೆ. ಅದಕ್ಕೇ ಸಿಟ್ಟು ಇನ್ನೂ ಹೆಚ್ಚಾಯಿತು. ಡಾಕ್ಟರ ಚೀಟಿಯನ್ನು ಅವರ ಮೇಜಿನ ಮೇಲಿಟ್ಟು ಹೊರಟುಬಂದೆ. ಮತ್ತೆ ಮೈದಾನಕ್ಕೆ ಕಾಲಿಡಲಿಲ್ಲ.

ಎಷ್ಟೋ ವರ್ಷಗಳ ಮೇಲೆ ಹೆಬ್ಬಾಳದ ಬಸ್ ಸ್ಟಾಪಿನಲ್ಲಿ ಸಿಕ್ಕರು. ಕೈಯಲ್ಲಿ ಕೋಲು, ತಲೆ ಪೂರ್ತಿ ಬೆಳ್ಳಗೆ. ಹೇಗಿದ್ದೀಯ, ಏನು ಮಾಡ್ತಿದ್ದೀಯ ಅಂತ ಯಾವುದೂ ಕೇಳಲಿಲ್ಲ.

"ಅವತ್ತು ನಿನ್ನ ಆಡಿಸ್ಬೇಕಿತ್ತಾ ಕಣಮ್ಮ?"

ನನ್ನ ಬಸ್ಸು ಬಂತು. ಹತ್ತು ನಿಮಿಷ ಬಿಟ್ಟರೆ ಇನ್ನೊಂದು ಬರುತ್ತಿತ್ತು, ಅದನ್ನು ಹತ್ತಬಹುದಿತ್ತು... "ಬರ್ತೀನಿ ಸರ್" ಎಂದು ಹತ್ತಿಬಿಟ್ಟೆ. ಮರುವರ್ಷ ಹಳೆಯ ತಂಡದ ವಾಟ್ಸಾಪ್ ಗ್ರೂಪಿನಲ್ಲಿ ಹೂವಿನ ಹಾರ ಹಾಕಿದ ಅವರ ಫೋಟೊ ಬಂತು, ಕೆಳಗೆ ಸಾಲುಸಾಲು ಕೈಮುಗಿದ ಚಿತ್ರಗಳು. ನಾನೂ ಒಂದು ಹಾಕಿದೆ.

ಕಳೆದ ವಾರ ಕ್ಲಿನಿಕ್ಕಿನಿಂದ ಅಮ್ಮನನ್ನು ಮನೆಗೆ ಬಿಟ್ಟವಳು ಸೀದಾ ಯಲಹಂಕಕ್ಕೆ ಹೋದೆ. ಮೈದಾನದಲ್ಲಿ ಹುಡುಗಿಯರು ಆಡುತ್ತಿದ್ದರು. ಗೇಟಿನ ಹತ್ತಿರ ನಿಂತು ನೋಡಿದೆ. ಆಡಿಸಬೇಕಿತ್ತು ಸರ್, ಅಂತಲೇ ನನಗೆ ಇವತ್ತಿಗೂ ಅನ್ನಿಸುತ್ತದೆ. ಆ ಸಿಟ್ಟು ಹೋಗಿಲ್ಲ. ಆದರೆ ಮಂಡಿಯ ಮಾತು ನಾನು ಎತ್ತಬಾರದಿತ್ತು. ಎರಡನ್ನೂ ಅವರೆದುರು ನಿಂತು ಹೇಳಬಹುದಾಗಿದ್ದ ಆ ಹತ್ತು ನಿಮಿಷವನ್ನು ನಾನೇ ಬಸ್ಸು ಹತ್ತಿ ಕಳೆದುಕೊಂಡೆ.