ಸುಟ್ಟು ತಿಕ್ಕಿದ ಅಯಸ್ಕಾಂತ

ಹೇಳಬೇಕಾದ ಒಂದು ಮಾತನ್ನು ಕಳೆದ ಗುರುವಾರ ನಾನು ಹೇಳಲಿಲ್ಲ. ಅಷ್ಟೇ ಆಗಿದ್ದರೆ ಈ ವಾರ ಬೇರೇನಾದರೂ ಬರೆಯುತ್ತಿದ್ದೆ. ಬಾಯಿ ಮುಚ್ಚಿಕೊಂಡದ್ದು ಸಾಲದೆಂದು, ಕೇಳಿದವರ ಮುಂದೆ ತಲೆ ಬೇರೆ ಅಲ್ಲಾಡಿಸಿದೆ. ಆಗ ನನ್ನ ತಂಗಿ ಪಕ್ಕದಲ್ಲೇ ನಿಂತಿದ್ದಳು.

ಈ ಅಂಕಣ ಓದುವವರಿಗೆ ನನ್ನ ಅಂಗಡಿ ಗೊತ್ತು. ಟಿಕೋಟದ ಬಸ್ ಸ್ಟ್ಯಾಂಡಿನ ಎದುರು, ಬೇವಿನ ಮರದ ಕೆಳಗೆ. ತಾಸಿನ ಮೇಲೆ ಸೈಕಲ್ ಬಾಡಿಗೆಗೆ ಕೊಡುತ್ತೇನೆ, ಪಂಕ್ಚರ್ ಹಾಕುತ್ತೇನೆ. (ಏಳನೇತ್ತೆಗೆ ಸಾಲಿ ಬಿಟ್ಟವನ ಬರಹವನ್ನು ವಾರವಾರ ಅಚ್ಚು ಹಾಕುವ ಸಂಪಾದಕರ ಧೈರ್ಯ ದೊಡ್ಡದು. ಅವರ ಸೈಕಲ್ಲೂ ನನ್ನಲ್ಲೇ ರಿಪೇರಿಯಾಗುತ್ತದೆ, ಅದು ಬೇರೆ ಮಾತು.)

ತಂಗಿ ಕಸ್ತೂರಿ ಈಗ ಹತ್ತನೇತ್ತೆ. ಪರೀಕ್ಷೆ ಹತ್ತಿರ ಬಂದಿದೆ. ಮನೆಯಲ್ಲಿ ಓದು ಸಾಗುವುದಿಲ್ಲ. ಅವಳ ಕೈಯಲ್ಲಿ ಪುಸ್ತಕ ಕಂಡ ಕೂಡಲೇ ಅವ್ವನಿಗೆ ಏನಾದರೊಂದು ಕೆಲಸ ನೆನಪಾಗುತ್ತದೆ. ಹಾಗಾಗಿ ಸಂಜೆ ಅಂಗಡಿಗೆ ಬಂದು, ಸ್ಟೂಲಿನ ಮೇಲೆ ಕೂತು, ವಿಜ್ಞಾನ ಒಪ್ಪಿಸುತ್ತಾಳೆ. ಅವಳ ಭಾಷೆಯಲ್ಲಿ ರಿವಿಜನ್. ನನ್ನ ಕೆಲಸ ಕೇಳುವುದು.

"ಸುಮ್ನ ಕೇಳಿದ್ರ ಸಾಕ್ಯಣ್ಣಾ. ನಾ ಎಲ್ಲಿ ತಡವರಿಸ್ತೀನಿ, ಅಲ್ಲಿ ಒಂದೀಟ ಕೆಮ್ಮು" ಎಂದಿದ್ದಳು.

ಕೇಳುವುದು ಸುಲಭ ಎಂದು ಯಾರು ಹೇಳಿದರು?

ಬಿಸಿಲಿಗೆ ಕಾದ ಟ್ಯೂಬಿನಲ್ಲಿ ಗಾಳಿಯ ಒತ್ತಡ ಏಕೆ ಹೆಚ್ಚುತ್ತದೆ ಎಂದು ಅವಳು ಹೇಳಿದಾಗ ಕೇಳಿದೆ. ಏಪ್ರಿಲ್ ಬಂತೆಂದರೆ ನನ್ನ ಅಂಗಡಿ ನಡೆಯುವುದೇ ಆ ಪಾಠದ ಮೇಲೆ. ಬ್ರೇಕು ಒತ್ತಿದಾಗ ಚಕ್ರವನ್ನು ತಡೆಯುವ ಬಲಕ್ಕೆ ಘರ್ಷಣೆ ಎನ್ನುತ್ತಾರೆ ಎಂದಾಗಲೂ ಕೇಳಿದೆ. ಡೈನಮೊ ಬಿಚ್ಚಿ, ಒಳಗೆ ಅಯಸ್ಕಾಂತ ತಿರುಗಿದರೆ ತಂತಿಯ ಸುರುಳಿಯಲ್ಲಿ ಕರೆಂಟು ಹುಟ್ಟುತ್ತದೆ ಎಂದು ತೋರಿಸಿದಳು. ಇಷ್ಟು ವರ್ಷ ಡೈನಮೊ ಬಿಚ್ಚಿ ಜೋಡಿಸಿದ ನಾನು ಬಾಯಿ ತೆರೆದುಕೊಂಡು ಕೂತಿದ್ದೆ.

ಬುಧವಾರ ಮಾತ್ರ ಕೇಳಲಿಲ್ಲ. ಅಂದು ಅವಳು ಅಯಸ್ಕಾಂತದ ಪಾಠ ಒಪ್ಪಿಸುತ್ತಿದ್ದಳು. ನಾನು ಟ್ಯೂಬನ್ನು ನೀರಿನಲ್ಲಿ ಅದ್ದಿ ಗುಳ್ಳೆ ಹುಡುಕುತ್ತಿದ್ದೆ.

"ಕೇಳಾಕತ್ತಿಯಿಲ್ಲೋ ಯಣ್ಣಾ?"

"ಹ್ಞೂಂ."

ಆ ಹ್ಞೂಂ ಇದೆಯಲ್ಲ, ಅದು ನಮ್ಮೆಲ್ಲರ ಮನೆಯಲ್ಲೂ ಇದೆ. ಹೆಂಡತಿಗೆ ಒಂದು, ಮಕ್ಕಳಿಗೆ ಒಂದು. ಕಿವಿಗೂ ಅದಕ್ಕೂ ಸಂಬಂಧವಿಲ್ಲ.

ಅವಳ ವಿಜ್ಞಾನದ ಮಾಸ್ತರರದ್ದು ಒಂದು ಪದ್ಧತಿ. ಪರೀಕ್ಷೆಗೆ ಮುಂಚೆ ಒಂದೊಂದು ಪಾಠವನ್ನು ಒಬ್ಬೊಬ್ಬ ವಿದ್ಯಾರ್ಥಿಗೆ ಹಂಚುತ್ತಾರೆ. ಪಾಠದ ಸಾಮಾನನ್ನೂ ಮನೆಗೆ ಕೊಟ್ಟು ಕಳಿಸುತ್ತಾರೆ. ತಯಾರಿ ಮಾಡಿಕೊಂಡು ಬಂದು ಕ್ಲಾಸಿಗೆ ಅವರೇ ಕಲಿಸಬೇಕು. ಅಯಸ್ಕಾಂತ ಕಸ್ತೂರಿಯ ಪಾಲಿಗೆ ಬಂದಿತ್ತು. ಶನಿವಾರ ಬಬಲೇಶ್ವರದ ಸಾಲಿಯ ಹುಡುಗರೂ ಬರುವವರಿದ್ದರು. ಎರಡೂ ಸಾಲಿಯವರ ಮುಂದೆ ಇವಳ ಪಾಠ.

ಇನ್ನೊಂದು ಮಾತಿತ್ತು. ಅದೇ ದೊಡ್ಡದು. ಕಸ್ತೂರಿಯನ್ನು ಕಾಲೇಜಿಗೆ ವಿಜಾಪುರಕ್ಕೆ ಕಳಿಸಲು ಅಪ್ಪನಿಗೆ ಮನಸ್ಸಿಲ್ಲ. ಹುಡುಗಿ ಹಾಸ್ಟೆಲಿನಲ್ಲಿ ಇರುವುದೆಂದರೇನು? ಊರಲ್ಲಿ ಅಪ್ಪ ಯಾರ ಮಾತಾದರೂ ಕೇಳಿದರೆ ಅದು ಆ ಮಾಸ್ತರರದ್ದು. "ಐತವಾರ ನಿಮ್ಮ ಮನಿಗೆ ಬಂದು ಅಪ್ಪನ ಕೂಡ ಮಾತಾಡ್ತೀನಿ" ಎಂದು ಅವರು ಇವಳಿಗೆ ಹೇಳಿದ್ದರು. ಅಂದಿನಿಂದ ಹುಡುಗಿಯ ಕಾಲು ನೆಲದ ಮೇಲಿರಲಿಲ್ಲ.

ಬುಧವಾರ ಪಾಠ ಮುಗಿಸಿ ನೀರು ತರಲು ಮನೆಗೆ ಹೋದಳು. ಮಾಸ್ತರರು ಕೊಟ್ಟಿದ್ದ ಕಟ್ಟಿಗೆಯ ಡಬ್ಬಿ ಅಂಗಡಿಯಲ್ಲೇ ಉಳಿಯಿತು. ಒಳಗೆ ಎರಡು ಹಳೆಯ ಉಕ್ಕಿನ ಪಟ್ಟಿಗಳು. ಎರಡೂ ಅಯಸ್ಕಾಂತ.

"ಯಾರೂ ಮುಟ್ಟದಂಗ ನೋಡ್ಕೋ ಯಣ್ಣಾ" ಎಂದಿದ್ದಳು ಹೋಗುವಾಗ.

"ಹ್ಞೂಂ."

ಆಗ ಸಾರವಾಡದ ರೈತರೊಬ್ಬರು ಮುಂದಿನ ಗಾಲಿ ರಿಪೇರಿಗೆ ಕೊಟ್ಟು ಎದುರಿಗೆ ಕೂತಿದ್ದರು. "ಲಗೂ ಮಾಡಪಾ ತಮ್ಮಾ, ಹೊತ್ತ ಮುಣಗತೈತಿ" ಎಂದು ಒಂದೇ ಸಮನೆ ಅವಸರ. ಆ ಗಡಿಬಿಡಿಯಲ್ಲಿ ಕೈ ತಾಗಿ, ಬೇರಿಂಗಿನ ಗುಂಡುಗಳ ಡಬ್ಬಿ ಮಣ್ಣಿಗೆ ಬಿತ್ತು. ಸಾಸಿವೆಯಂತೆ ಹರಡಿದ ಗುಂಡುಗಳನ್ನು ಒಂದೊಂದಾಗಿ ಆರಿಸುವವರು ಯಾರು? ಕಸ್ತೂರಿಯ ಡಬ್ಬಿಯಿಂದ ಒಂದು ಅಯಸ್ಕಾಂತ ತೆಗೆದು ಮಣ್ಣಿನ ಮೇಲೆ ಆಡಿಸಿದೆ. ಗುಂಡುಗಳೆಲ್ಲ ಬಂದು ಅಂಟಿದವು. ರೈತರು ಭೇಷ್ ಎಂದರು. ನಾನೂ ಉಬ್ಬಿದೆ.

ಗುಂಡುಗಳ ಜೊತೆಗೆ ಅಂಗಡಿಯ ಮಣ್ಣಿನಲ್ಲಿದ್ದ ಕಬ್ಬಿಣದ ಪುಡಿಯೂ, ಕಪ್ಪು ಗ್ರೀಸೂ ಹತ್ತಿಕೊಂಡಿತ್ತು. ಒರೆಸಿದರೆ ಹೋಗಲಿಲ್ಲ. ಹಳೆಯ ಗ್ರೀಸು ಗಟ್ಟಿಯಾಗಿ ಕೂತ ಸಾಮಾನಿಗೆ ನಾವು ಸೈಕಲ್ಲಿನವರು ಏನು ಮಾಡುತ್ತೇವೆ? ತಗಡಿನ ಡಬ್ಬಿಯಲ್ಲಿಟ್ಟು ಸೀಮೆಎಣ್ಣೆ ಸುರಿದು ಕಡ್ಡಿ ಗೀರುತ್ತೇವೆ. ಉರಿದು ಮುಗಿದ ಮೇಲೆ ಸುತ್ತಿಗೆಯಿಂದ ಬಡಿದರೆ ಕರಿ ಉದುರುತ್ತದೆ. ಹಾಗೇ ಮಾಡಿದೆ. ಮರಳುಕಾಗದದಿಂದ ತಿಕ್ಕಿದೆ. ತಂದಾಗ ಇದ್ದದ್ದಕ್ಕಿಂತ ಹೆಚ್ಚು ಮಿರಮಿರ ಮಿಂಚಿತು. ಕಟ್ಟಿಗೆಯ ಡಬ್ಬಿಯಲ್ಲಿಟ್ಟು ಮುಚ್ಚಿದೆ. ಕಸ್ತೂರಿಗೆ ಹೇಳಲಿಲ್ಲ. ಹೇಳುವಂಥದ್ದು ಏನಿತ್ತು?

ಗುರುವಾರ ಬೆಳಿಗ್ಗೆ ಡಬ್ಬಿಯನ್ನು ಕ್ಯಾರಿಯರಿಗೆ ಕಟ್ಟಿಕೊಂಡು ಅವಳ ಜೊತೆ ಸಾಲಿಗೆ ಹೋದೆ. ಪರೀಕ್ಷಿಸಿ ನೋಡಲು ಮಾಸ್ತರರು ಮೇಜಿನ ಮೇಲೆ ಟಾಚಣಿ, ಅಂದರೆ ಗುಂಡುಸೂಜಿ, ಸುರಿದರು. ಒಂದು ಅಯಸ್ಕಾಂತ ಹಿಡಿದರು. ಟಾಚಣಿಗಳು ಗೊಂಚಲಾಗಿ ಎದ್ದವು. ಮಿಂಚುವುದನ್ನು ಹಿಡಿದರು. ಒಂದು ಟಾಚಣಿ ಅರೆಮನಸ್ಸಿನಿಂದ ಎದ್ದು, ತಟಕ್ಕನೆ ಬಿತ್ತು.

"ಇದನ್ನ ಕಾಯಿಸ್ಯಾರ, ಇಲ್ಲಾ ಬಡದಾರ" ಎಂದರು ಮಾಸ್ತರರು. "ಕಾಯಿಸಬಾರದು, ಬಡೀಬಾರದು, ಮ್ಯಾಲಿಂದ ಒಗೀಬಾರದು. ಪಾಠದಾಗ ಐತೋ ಇಲ್ಲೋ?"

"ಐತ್ರಿ ಸರ್" ಎಂದಳು ಕಸ್ತೂರಿ.

ಆಗ ನನಗೆ ಹೊಳೆಯಿತು. ಹಿಂದಿನ ಸಂಜೆ ನಾನು ಗುಳ್ಳೆ ಹುಡುಕುವಾಗ ಅವಳು ಒಪ್ಪಿಸುತ್ತಿದ್ದ ಸಾಲುಗಳೇ ಅವು.

"ಯಾರ ಕೈಯಾಗ ಕೊಟ್ಟಿದ್ದಿ?"

"ಯಾರಿಗೂ ಕೊಟ್ಟಿಲ್ರಿ ಸರ್. ನಮ್ಮಣ್ಣನ ಅಂಗಡ್ಯಾಗಿತ್ತು. ಯಾರೂ ಮುಟ್ಟಿಲ್ರಿ."

ಮಾಸ್ತರರು ನನ್ನ ಕಡೆ ತಿರುಗಿದರು. "ಹೌದೇನಪಾ?"

ಕಿಟಕಿಯಲ್ಲಿ ಹತ್ತನೇತ್ತೆಯ ಹುಡುಗರು ಇಣುಕುತ್ತಿದ್ದರು. ನನ್ನಲ್ಲಿ ಸೈಕಲ್ ಬಾಡಿಗೆ ಒಯ್ಯುವವರು. ಅವರಿಗೆಲ್ಲ ಗೊತ್ತಿರುವ ಸಂಗತಿ ನನಗೊಬ್ಬನಿಗೆ ಗೊತ್ತಿಲ್ಲ ಎಂದು ಅವರ ಮುಂದೆ ಹೇಗೆ ಒಪ್ಪಿಕೊಳ್ಳಲಿ? ಹೌದೆಂದು ತಲೆ ಅಲ್ಲಾಡಿಸಿದೆ.

"ವಸ್ತು ಕೆಡೂದು ದೊಡ್ಡದಲ್ಲ" ಎಂದರು ಅವರು ಕಸ್ತೂರಿಗೆ. "ಸುಳ್ಳ ಹೇಳಬಾರದಿತ್ತು. ಶನಿವಾರದ ಪಾಠ ಬ್ಯಾರೇದಕಿ ಮಾಡ್ತಾಳ. ಇನ್ನ ನಿಮ್ಮಪ್ಪನ ಮುಂದ ನಾ ಯಾ ಬಾಯಿಲೆ ಮಾತಾಡ್ಲಿ?"

ಅವಳು ಅಳಲಿಲ್ಲ. ಅತ್ತಿದ್ದರೆ ನಾನು ಅಲ್ಲೇ ಹೇಳಿಬಿಡುತ್ತಿದ್ದೆನೇನೋ. (ಇದೂ ನೆಪ. ನನಗೆ ಗೊತ್ತು.)

ಸುದ್ದಿ ನಮಗಿಂತ ಮೊದಲು ಮನೆ ಮುಟ್ಟಿತ್ತು. ಅಪ್ಪ ರೊಟ್ಟಿ ಮುರಿಯುತ್ತ ಅಂದ: "ಸಾಲಿ ಸಾಮಾನ ಸಂಭಾಳಿಸಾಕ ಬರದಾಕಿ, ಹಾಸ್ಟೆಲ್‌ನ್ಯಾಗ ತನ್ನನ್ನ ತಾ ಏನ ಸಂಭಾಳಿಸ್ಯಾಳು?" ಅವ್ವ ಅಂದಳು: "ಮಾಡಿದ್ರ ಒಪ್ಕೊಂಡ ಬಿಡಬೇ, ಮಾಸ್ತರು ದೇವರಂಥಾವ್ರು." ನನ್ನ ತಾಟಿನಲ್ಲಿದ್ದ ರೊಟ್ಟಿ ಮರಳುಕಾಗದವಾಗಿತ್ತು.

ಶುಕ್ರವಾರ ಸಂಜೆ ಕಸ್ತೂರಿ ಅಂಗಡಿಗೆ ಬಂದಳು, ಪುಸ್ತಕ ಇಲ್ಲದೆ. ಸ್ಟೂಲಿನ ಮೇಲೆ ಕೂತು ಕೇಳಿದಳು.

"ಯಣ್ಣಾ, ನಾನ ಎಲ್ಲೆರ ಕೆಡವಿದ್ನೇನು? ನನಗ ಖಬರ ಇಲ್ಲದಂಗ?"

ನೋಡಿ, ಮಾಡದ ತಪ್ಪನ್ನು ಅವಳು ತನ್ನೊಳಗೇ ಹುಡುಕಲು ಶುರು ಮಾಡಿದ್ದಳು. ನಾನು ಪಂಪು ಎತ್ತಿಕೊಂಡು, ಮೊದಲೇ ಗಾಳಿ ತುಂಬಿದ್ದ ಟ್ಯೂಬಿಗೆ ಇನ್ನಷ್ಟು ಗಾಳಿ ಹೊಡೆದೆ.

ಶನಿವಾರ ಮುಂಜಾನೆ ಬಬಲೇಶ್ವರದ ಹುಡುಗರು ನನ್ನ ಅಂಗಡಿಯ ಎದುರೇ ಬಸ್ಸಿನಿಂದ ಇಳಿದರು. ನಗುತ್ತ, ಒಬ್ಬರನ್ನೊಬ್ಬರು ದಬ್ಬುತ್ತ ಸಾಲಿಯ ಕಡೆ ಹೋದರು. ನಾನು ಬಿಚ್ಚಿದ ಗಾಲಿಯನ್ನು ಹಾಗೇ ಬಿಟ್ಟು ಅವರ ಹಿಂದೆ ನಡೆದೆ. ಬಾಗಿಲಲ್ಲಿ ನಿಂತಾಗ ಬೇರೊಬ್ಬ ಹುಡುಗಿ ಪಾಠ ಮಾಡುತ್ತಿದ್ದಳು. ಕಸ್ತೂರಿ ಕೊನೆಯ ಬೆಂಚಿನಲ್ಲಿದ್ದಳು.

"ಸರ್, ಅಯಸ್ಕಾಂತ ಕೆಡಿಸಿದಾಂವ ನಾನ್ರಿ" ಎಂದೆ.

"ಕಾಯಿಸಿದಿ?"

"ಹೌದ್ರಿ. ಸೀಮೆಎಣ್ಣಿ ಹಾಕಿ."

"ಬಡದಿ?"

"ಸುತ್ತಿಗಿಲೆ ಬಡದ್ನಿರಿ."

"ಮ್ಯಾಲಿಂದ ಒಗಿಯೂದೊಂದ ಉಳದಿತ್ತಲ್ಲಪಾ, ಅದನ್ಯಾಕ ಬಿಟ್ಟಿ?"

ಎರಡು ಊರಿನ ಹುಡುಗರು ಒಟ್ಟಿಗೆ ನಕ್ಕರು. ಕಸ್ತೂರಿ ನಗಲಿಲ್ಲ. ನಗು ನಿಲ್ಲುವ ತನಕ ಕಾದು ಮಾಸ್ತರರು ಹೇಳಿದರು: "ನಾಳೆ ಮನಿಗೆ ಬರ್ತೀನಿ. ನಿಮ್ಮಪ್ಪನ ಮುಂದ ಇದನ್ನೆಲ್ಲಾ ನೀನ ಹೇಳಬೇಕು."

"ಹೇಳ್ತೀನ್ರಿ. ತಪ್ಪಾತ್ರಿ ಸರ್."

"ನನಗ್ಯಾಕ ಹೇಳ್ತಿ? ಸುಳ್ಳಿ ಅನಿಸಿಕೊಂಡಾಕಿ ಅಲ್ಲಿ ಕುಂತಾಳ."

ದಿನಕ್ಕೆ ಎಷ್ಟು ಸಲ ತಪ್ಪಾತು ಎನ್ನುತ್ತೇವೆ? ಗಿರಾಕಿಗೆ, ಕಂಡಕ್ಟರಿಗೆ, ಕಾಲು ತಾಗಿದ ಅಪರಿಚಿತನಿಗೆ. ಮನೆಯಲ್ಲಿ ನಮಗಿಂತ ಸಣ್ಣವರಿಗೆ ಎಂದಾದರೂ ಅಂದಿದ್ದೇವೆಯೇ? ತಂಗಿಗೆ? ನನ್ನ ಅಪ್ಪ ಅಂದದ್ದು ನಾನು ಕೇಳಿಲ್ಲ. ಅವನ ಅಪ್ಪ ಅಂದದ್ದು ಅವನು ಕೇಳಿರಲಿಕ್ಕಿಲ್ಲ. ಬಾಗಿಲಿನಿಂದ ಆ ಕೊನೆಯ ಬೆಂಚಿಗೆ ನಡೆಯುವುದು ವಿಜಾಪುರಕ್ಕೆ ನಡೆದಷ್ಟು ದೂರವಾಯಿತು. ಅವಳು ತಲೆ ಎತ್ತಲಿಲ್ಲ. ಎಲ್ಲರಿಗೂ ಕೇಳುವ ಹಾಗೆ ಹೇಳಿದೆ:

"ಕಸ್ತೂರೀ, ನೀ ಏನೂ ಕೆಡವಿಲ್ಲ. ಸುಟ್ಟಾಂವ ನಾನ, ಬಾಯಿ ಮುಚ್ಕೊಂಡ ನಿಂತಾಂವನೂ ನಾನ. ತಪ್ಪಾತವಾ."